ಬಿಲ್ ಮ್ಯಾಕಾರ್ಟ್ನಿ ಗೆಲ್ಲುತ್ತಿದ್ದಾಗಲೇ ಹುದ್ದೆ ಬಿಟ್ಟದ್ದೇಕೆ?

ಪ್ರಶ್ನೆ (ಬೌಲ್ಡರ್ ಕನ್ನಡಿಗ):
ಕೊಲೊರಾಡೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ 1982ರಿಂದ 1994ರವರೆಗೆ ಮುಖ್ಯ ಕೋಚ್ ಆಗಿದ್ದ ಬಿಲ್ ಮ್ಯಾಕಾರ್ಟ್ನಿ ಅವರು 2025ರ ಜನವರಿಯಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ ತೀರಿಕೊಂಡರು. (ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ನಮ್ಮ ಕಾಲ್ಚೆಂಡಲ್ಲ.) 1994ರಲ್ಲಿ ಅವರ ತಂಡ ಸೋತದ್ದು ಒಂದೇ ಪಂದ್ಯ, ಅವರ ಶಿಷ್ಯ ರಶಾನ್ ಸಲಾಮ್‌ಗೆ ಆ ವರ್ಷ ಕಾಲೇಜು ಮಟ್ಟದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯೂ ಬಂತು. ಅಂಥ ಹೊತ್ತಿನಲ್ಲಿ, 54ರ ವಯಸ್ಸಿಗೇ ಅವರು ಹುದ್ದೆ ಬಿಟ್ಟದ್ದು ತಾವು ಕಟ್ಟಿದ ‘ಪ್ರಾಮಿಸ್ ಕೀಪರ್ಸ್’ ಎಂಬ ಕ್ರೈಸ್ತ ಪುರುಷರ ಸಂಘಟನೆಗಾಗಿಯೋ, ಮನೆಗಾಗಿಯೋ?

ಉತ್ತರ 1 (ಹಳೆಯ ಕ್ರೀಡಾಸಕ್ತ):
ಮನೆಗಾಗಿ ಎಂದೇ ನನ್ನ ತಿಳಿವಳಿಕೆ. ಹೆಂಡತಿಯ ಮುಖ ನೋಡಿದರೆ ಗಂಡನ ಗುಣ ತಿಳಿಯುತ್ತದೆ ಎಂದು ಪ್ರವಚನಕಾರರೊಬ್ಬರು ಹೇಳಿದಾಗ, ತಾವು ಪಕ್ಕದಲ್ಲಿದ್ದ ಪತ್ನಿ ಲಿಂಡಿಯತ್ತ ತಿರುಗಿ ನೋಡಿದ್ದಾಗಿಯೂ, ಆ ಮುಖದಲ್ಲಿ ನೋವನ್ನಷ್ಟೇ ಕಂಡದ್ದಾಗಿಯೂ ಅವರೇ ಹೇಳಿಕೊಂಡಿದ್ದಾರೆ. 1984ರಲ್ಲಿ ಹನ್ನೊಂದರಲ್ಲಿ ಹತ್ತು ಪಂದ್ಯ ಸೋತ ತಂಡವನ್ನು ಆರೇ ವರ್ಷಗಳಲ್ಲಿ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿಸಿದವರು ಮನೆಗೆಷ್ಟು ಹೊತ್ತು ಉಳಿಸಿಕೊಂಡಿದ್ದಾರು? ಇದರ ನಡುವೆ 1989ರ ಸೆಪ್ಟೆಂಬರ್‌ನಲ್ಲಿ, ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಆಗಿದ್ದ, ಕೋಚ್ ಅವರ ಮೊಮ್ಮಗನ ತಂದೆಯೂ ಆಗಿದ್ದ ಸಾಲ್ ಔನೀಸ್ ಕ್ಯಾನ್ಸರ್‌ನಿಂದ ಸತ್ತಿದ್ದ.

ಉತ್ತರ 2 (ಮೈದಾನದಂಚಿನವ):
ಆ ಪಟ್ಟದ ಮೇಲೊಂದು ಕಲೆಯಿದೆ, ಅದನ್ನು ಬಿಟ್ಟು ಮಾತಾಡಬಾರದು. ಈ ಆಟದಲ್ಲಿ ಹತ್ತು ಗಜ ಸಾಗಲು ನಾಲ್ಕು ಪ್ರಯತ್ನಗಳಿಗಷ್ಟೇ ಅವಕಾಶ. 1990ರ ಅಕ್ಟೋಬರ್ 6ರಂದು ಮಿಸೌರಿ ವಿರುದ್ಧದ ಪಂದ್ಯದ ಕೊನೆಯ ಗಳಿಗೆಯಲ್ಲಿ, ಎಷ್ಟನೆಯ ಪ್ರಯತ್ನವೆಂದು ತೋರಿಸುವ ಕೋಲಿನ ಮೇಲಿನ ಅಂಕಿಯನ್ನು ಬದಲಿಸಲು ಸಿಬ್ಬಂದಿ ಮರೆತರು. ನಿಜಕ್ಕೂ ನಾಲ್ಕನೆಯದಾಗಿದ್ದ ಪ್ರಯತ್ನವನ್ನು, ಗಡಿಯಾರ ನಿಲ್ಲಿಸಲೆಂದು ಚೆಂಡನ್ನು ನೆಲಕ್ಕೆ ಕುಕ್ಕಿ ಕಳೆದ ಕೊಲೊರಾಡೊ, ಇರಲೇಬಾರದಿದ್ದ ಐದನೆಯದರಲ್ಲಿ ಗೆರೆ ದಾಟಿ 33–31ರಿಂದ ಗೆದ್ದಿತು. ತಪ್ಪು ಅಧಿಕಾರಿಗಳದ್ದೇ, ಆದರೆ ಕೋಚ್ ಅಂದು ಮೈದಾನ ಜಾರುತ್ತಿತ್ತೆಂದು ದೂರಿದರೇ ಹೊರತು ಗೆಲುವನ್ನು ಬಿಟ್ಟುಕೊಡಲಿಲ್ಲ. 1998ರಲ್ಲಿ ಮಿಸೌರಿಯಲ್ಲೇ ನಡೆದ ಪ್ರಾಮಿಸ್ ಕೀಪರ್ಸ್ ಸಭೆಯಲ್ಲಿ ಪಶ್ಚಾತ್ತಾಪ ವ್ಯಕ್ತಪಡಿಸಿದರು.

ಉತ್ತರ 3 (ಸಂದೇಹಿ):
ಸಂಘಟನೆಯ ಸೆಳೆತವನ್ನು ಕಡೆಗಣಿಸಬೇಡಿ. 1991ರಲ್ಲಿ ಸುಮಾರು 4,200 ಪುರುಷರು ಸೇರಿದ್ದ ಸಭೆ, ಎರಡೇ ವರ್ಷಗಳಲ್ಲಿ ಅವರದೇ ತಂಡದ ಫೋಲ್ಸಮ್ ಫೀಲ್ಡ್ ಕ್ರೀಡಾಂಗಣವನ್ನು ತುಂಬಿತು. 1997ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಜನಾಂಗಗಳ ನಡುವಿನ ಬಿರುಕು ಮುಚ್ಚಬೇಕೆಂದು ಅವರು ಬಿಳಿಯರ ಸಭೆಗಳಲ್ಲೂ ಅಂಜದೆ ಹೇಳಿದ್ದನ್ನು ನಾನು ಮೆಚ್ಚುತ್ತೇನೆ. ಆದರೆ ಅದೇ ವ್ಯಕ್ತಿ 1992ರಲ್ಲಿ, ಸಲಿಂಗಿಗಳಿಗೆ ಕಾನೂನಿನ ರಕ್ಷಣೆ ಸಿಗದಂತೆ ತಡೆಯುವ, ಕೊಲೊರಾಡೊ ರಾಜ್ಯ ಸಂವಿಧಾನದ ತಿದ್ದುಪಡಿಯನ್ನು ವಿಶ್ವವಿದ್ಯಾಲಯದ ಲಾಂಛನವಿದ್ದ ವೇದಿಕೆಯಿಂದಲೇ ಬೆಂಬಲಿಸಿದರು. ಗಂಡಸು ಮನೆಯ ನಾಯಕತ್ವ ವಹಿಸಬೇಕೆಂಬ ಸಂಘಟನೆಯ ಬೋಧನೆಯನ್ನು ಮಹಿಳಾ ಸಂಘಟನೆಗಳು ವಿರೋಧಿಸಿದ್ದೂ ಸಕಾರಣವೇ.

ಉತ್ತರ 1ರವರ ಮರುನುಡಿ:
ಸಂದೇಹಿಯವರ ಆಕ್ಷೇಪಗಳನ್ನು ಒಪ್ಪುತ್ತೇನೆ. ಆದರೆ ಸಂಘಟನೆಯೇ ಮುಖ್ಯವಾಗಿದ್ದರೆ ಅದನ್ನಾದರೂ ಅವರು ಬಿಡಬಾರದಿತ್ತಲ್ಲವೇ? 2003ರಲ್ಲಿ ಲಿಂಡಿಯವರ ಅನಾರೋಗ್ಯದ ಕಾರಣಕ್ಕೆ ಅದರ ಅಧ್ಯಕ್ಷ ಸ್ಥಾನದಿಂದಲೂ ಇಳಿದರು, ಮರಳಿದ್ದು 2008ರಲ್ಲಿ.