ಜರ್ಮನಿಯಲ್ಲಿ ಪಬ್ಲಿಕ್ ಇನ್ಶೂರೆನ್ಸ್ ಬಿಟ್ಟು ಪ್ರೈವೇಟ್‌ಗೆ ಹೋಗಬಹುದಾ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಸಲಹೆ ಕೊಡುವ ಮೇಡಂ ಇದ್ದಾರೆ ಅಂತ ಸ್ನೇಹಿತರು ಹೇಳಿದರು, ಅವರಿಗೇ ಈ ಪ್ರಶ್ನೆ. ನನಗೆ 34 ವರ್ಷ, ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಸಂಬಳ ವರ್ಷಕ್ಕೆ 80 ಸಾವಿರ ಯೂರೋ. ಹೆಂಡತಿ ಮುಂದಿನ ತಿಂಗಳು ಬರುತ್ತಾಳೆ. ಅವಳಿಗೆ ಸದ್ಯಕ್ಕೆ ಕೆಲಸ ಇಲ್ಲ, ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾಳೆ, ಮಗು ಬೇಕು ಅನ್ನುವ ಯೋಚನೆಯೂ ಇದೆ. ಏಜೆಂಟ್ ಒಬ್ಬರು ದಿನಾ ಫೋನ್ ಮಾಡಿ ಪ್ರೈವೇಟ್‌ಗೆ ಬನ್ನಿ, ದುಡ್ಡು ಉಳಿಯುತ್ತದೆ, ಡಾಕ್ಟರ್ ಅಪಾಯಿಂಟ್‌ಮೆಂಟ್ ತಕ್ಷಣ ಸಿಗುತ್ತದೆ ಅನ್ನುತ್ತಿದ್ದಾರೆ. ನಿಜಾನಾ?

ಉತ್ತರ: ನಮಸ್ಕಾರ ಸರ್. ನೇರವಾಗಿ ಹೇಳಿಬಿಡುತ್ತೇನೆ, ನಿಮ್ಮ ಮನೆಯ ಪರಿಸ್ಥಿತಿಗೆ ಪಬ್ಲಿಕ್ಕೇ ಇರಲಿ. ಏಜೆಂಟ್ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಮಾರಿದರೆ ಅವರಿಗೆ ಕಮಿಷನ್ ಬರುತ್ತದೆ ಅನ್ನುವುದೂ ನೆನಪಿರಲಿ.

ಪಬ್ಲಿಕ್‌ನಲ್ಲಿ ಸಂಬಳದ ಮೇಲೆ 14.6% ಕಟ್ಟಬೇಕು, ಅದರ ಮೇಲೆ ಪ್ರತಿ ವಿಮಾ ಕಂಪನಿಯೂ ತನ್ನದೊಂದು ಹೆಚ್ಚುವರಿ ದರ ಹಾಕುತ್ತದೆ. ಎರಡರಲ್ಲೂ ಅರ್ಧ ನೀವು ಕೆಲಸ ಮಾಡುವ ಕಂಪನಿಯೇ ಕೊಡುತ್ತದೆ. ಸಂಬಳದಲ್ಲಿ ಒಂದು ಮಿತಿಗಿಂತ ಮೇಲಿನ ಭಾಗಕ್ಕೆ ಕಟ್ಟಬೇಕಾಗಿಲ್ಲ, ಹಾಗಾಗಿ 2026ರ ಲೆಕ್ಕದಲ್ಲಿ ನಿಮ್ಮ ಪಾಲು ತಿಂಗಳಿಗೆ ಸುಮಾರು 500 ಯೂರೋ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಆ ದುಡ್ಡಿನಲ್ಲೇ ಕೆಲಸವಿಲ್ಲದ ಹೆಂಡತಿಗೂ, ಮುಂದೆ ಹುಟ್ಟುವ ಮಕ್ಕಳಿಗೂ ವಿಮೆ ಸಿಗುತ್ತದೆ. ಪ್ರೈವೇಟ್‌ನಲ್ಲಿ ತಲೆಗೊಂದು ಪಾಲಿಸಿ, ತಲೆಗೊಂದು ಪ್ರೀಮಿಯಂ.

ಇನ್ನು ಥೈರಾಯ್ಡ್ ವಿಷಯ. ಪಬ್ಲಿಕ್‌ನಲ್ಲಿ ನಿಮಗೆ ಏನು ಕಾಯಿಲೆ ಇದೆ ಅಂತ ಯಾರೂ ಕೇಳುವುದಿಲ್ಲ. ಪ್ರೈವೇಟ್‌ನವರು ಪುಟಗಟ್ಟಲೆ ಪ್ರಶ್ನೆ ಕೇಳುತ್ತಾರೆ, ಉತ್ತರ ನೋಡಿ ಪ್ರೀಮಿಯಂ ಏರಿಸಬಹುದು, ಬೇಡ ಅಂತಲೂ ಹೇಳಬಹುದು. ಮುಚ್ಚಿಟ್ಟು ಸಹಿ ಹಾಕಿದರೆ ಇನ್ನೂ ಕಷ್ಟ, ಆಮೇಲೆ ಗೊತ್ತಾದಾಗ ಪಾಲಿಸಿಯನ್ನೇ ರದ್ದು ಮಾಡುವ ಹಕ್ಕು ಅವರಿಗಿದೆ. ಹೆರಿಗೆಗೆ 8 ತಿಂಗಳವರೆಗೆ ಕಾಯುವ ಅವಧಿ ಇಡಬಹುದು, ಅದನ್ನೂ ಓದಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ವಾಪಸ್ ಬರುವ ದಾರಿ. ಪ್ರೈವೇಟ್‌ಗೆ ಹೋಗಲು ಬೇಕಾದ ಸಂಬಳದ ಮಿತಿ 2025ರಲ್ಲಿ 73,800 ಯೂರೋ ಇತ್ತು, 2026ಕ್ಕೆ 77,400 ಆಗಿದೆ. ಸಂಬಳ ಆ ಮಿತಿಗಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಪಬ್ಲಿಕ್‌ಗೆ ಮರಳುತ್ತೀರಿ. ಆದರೆ ವಯಸ್ಸು 55 ದಾಟಿದ ಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಪ್ರೈವೇಟ್ ಪ್ರೀಮಿಯಂ ನಿಮ್ಮ ಆದಾಯ ನೋಡುವುದಿಲ್ಲ. ಪೆನ್ಷನ್ ಸಂಬಳದ ಅರ್ಧಕ್ಕೆ ಇಳಿದರೂ ಅದು ಇಳಿಯುವುದಿಲ್ಲ. 34ರಲ್ಲಿ ಯಾರೂ ಈ ಲೆಕ್ಕ ಹಾಕುವುದಿಲ್ಲ, ಏಜೆಂಟ್ ಅಂತೂ ಹಾಕಿ ತೋರಿಸುವುದೇ ಇಲ್ಲ.

ಅಪಾಯಿಂಟ್‌ಮೆಂಟ್ ವಿಷಯದಲ್ಲಿ ಮಾತ್ರ ಅವರ ಮಾತು ಒಪ್ಪುತ್ತೇನೆ. ಚರ್ಮ, ಮೂಳೆ, ಕಣ್ಣು, ಇಂಥ ಸ್ಪೆಷಲಿಸ್ಟ್‌ಗಳ ಹತ್ತಿರ ಪ್ರೈವೇಟ್ ಪೇಷಂಟ್‌ಗೆ ಬೇಗ ಸಿಗುತ್ತದೆ. ಇದು ಅನ್ಯಾಯ ಅಂತ ಇಲ್ಲಿಯವರೇ ಬೈಯುತ್ತಾರೆ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಪಬ್ಲಿಕ್‌ನಲ್ಲಿರುವ ನಾವು ತಿಂಗಳುಗಟ್ಟಲೆ ಕಾಯಬೇಕಾ ಮೇಡಂ? ನಮ್ಮ ಏರಿಯಾದಲ್ಲಿ ಹೌಸ್‌ಆರ್ಟ್ಸ್ಟ್ (ಫ್ಯಾಮಿಲಿ ಡಾಕ್ಟರ್) ಯಾರೂ ಹೊಸ ಪೇಷಂಟ್ ತಗೊಳ್ಳುತ್ತಿಲ್ಲ. ರಾತ್ರಿ ಜ್ವರ ಬಂದರೆ ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿಬಿಡಲಾ?

ಉತ್ತರ: 116117 ನಂಬರ್ ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ, ಇದು ಪ್ರಾಣಾಪಾಯವಿಲ್ಲದ ಕಾಯಿಲೆಗಳಿಗೆ ಇರುವ ವೈದ್ಯಕೀಯ ಸಹಾಯವಾಣಿ. ಕ್ಲಿನಿಕ್‌ಗಳು ಮುಚ್ಚಿರುವಾಗ ಜ್ವರ, ಕಿವಿನೋವು, ವಾಂತಿಗೆ ಎಲ್ಲಿ ಹೋಗಬೇಕು ಅಂತ ಅವರೇ ಹೇಳುತ್ತಾರೆ. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪಿದ್ದು, ಇವಕ್ಕೆಲ್ಲ 112, ಒಂದು ನಿಮಿಷವೂ ಯೋಚಿಸಬೇಡಿ. ಸುಮ್ನೆ ಜ್ವರಕ್ಕೆ ಎಮರ್ಜೆನ್ಸಿಗೆ ಹೋದರೆ ಹೊರಗೆ ಹಾಕುವುದಿಲ್ಲ, ಆದರೆ ಯಾರ ಸ್ಥಿತಿ ಗಂಭೀರವೋ ಅವರನ್ನು ಮೊದಲು ನೋಡುತ್ತಾರೆ, ನೀವು ಗಂಟೆಗಟ್ಟಲೆ ಕೂತಿರಬೇಕು.

ಅದೇ 116117 ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್ ಕೂಡ ಹುಡುಕಿಕೊಡುತ್ತದೆ, ಇದು ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಹೌಸ್‌ಆರ್ಟ್ಸ್ಟ್ ಬರೆದುಕೊಡುವ ರೆಫರಲ್ ಚೀಟಿಯ ಮೇಲೆ ಒಂದು ಕೋಡ್ ಹಾಕಿಸಿಕೊಳ್ಳಿ. ಆ ಕೋಡ್ ಇದ್ದರೆ ನಾಲ್ಕು ವಾರದೊಳಗಿನ ದಿನ ಕೊಡಬೇಕು ಅಂತ ನಿಯಮ ಇದೆ. ಡಾಕ್ಟರ್ ಯಾರು ಅನ್ನುವ ಆಯ್ಕೆ ನಿಮ್ಮದಲ್ಲ, ಸ್ವಲ್ಪ ದೂರವೂ ಇರಬಹುದು. ಕಣ್ಣಿನ ಡಾಕ್ಟರ್ ಮತ್ತು ಸ್ತ್ರೀರೋಗ ತಜ್ಞರಿಗೆ ಚೀಟಿಯೂ ಬೇಡ. ಹೌಸ್‌ಆರ್ಟ್ಸ್ಟ್ ಹುಡುಕುವುದಕ್ಕೂ ಅವರನ್ನೇ ಕೇಳಬಹುದು. ಆರೋಗ್ಯವಾಗಿರುವಾಗಲೇ ಈ ಕೆಲಸ ಮುಗಿಸಿ. ಜ್ವರದಲ್ಲಿ ಫೋನ್ ಹಿಡಿದುಕೊಂಡು ಕ್ಲಿನಿಕ್ ಕ್ಲಿನಿಕ್ಕಿಗೂ ಕರೆ ಮಾಡುವುದು ಯಾರಿಗೂ ಬೇಡ.

ಪ್ರಶ್ನೆ (ಮತ್ತೊಬ್ಬರು): ನನಗೆ 27, ಮದುವೆ ಆಗಿಲ್ಲ, ಯಾವ ಕಾಯಿಲೆಯೂ ಇಲ್ಲ, ನಾಲ್ಕೈದು ವರ್ಷ ದುಡಿದು ವಾಪಸ್ ಹೋಗುವ ಪ್ಲಾನ್. ನಾನೂ ಪಬ್ಲಿಕ್ಕೇನಾ?

ಉತ್ತರ: ಸಂಬಳ ಮಿತಿ ದಾಟಿದ್ದರೆ ನಿಮಗೆ ಪ್ರೈವೇಟ್ ಸರಿಹೋಗಬಹುದು. ಆದರೆ ಬಿಲ್ ಸಾಮಾನ್ಯವಾಗಿ ನಿಮ್ಮ ಹೆಸರಿಗೇ ಬರುತ್ತದೆ, ನೀವು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು, ಕೈಯಲ್ಲಿ ಸ್ವಲ್ಪ ದುಡ್ಡಿರಲಿ. ವಾಪಸ್ ಹೋಗುವ ಪ್ಲಾನ್ ಹತ್ತರಲ್ಲಿ ಎಷ್ಟು ಜನ ಪಾಲಿಸುತ್ತಾರೋ ನೀವೇ ಸುತ್ತ ನೋಡಿ ಹೇಳಿ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ, ಪಬ್ಲಿಕ್‌ನಲ್ಲೇ ಇರುತ್ತೇವೆ. ಕೊನೆಯದಾಗಿ, ಅಪ್ಪ ಅಮ್ಮ ಮೂರು ತಿಂಗಳಿಗೆ ಬರುತ್ತಾರೆ, ಅಪ್ಪನಿಗೆ ಬಿಪಿ ಇದೆ. ಅವರನ್ನೂ ನನ್ನ ವಿಮೆಗೆ ಸೇರಿಸಬಹುದಾ?

ಉತ್ತರ: ಇಲ್ಲ ಸರ್, ಹೆಂಡತಿ ಮಕ್ಕಳಿಗೆ ಮಾತ್ರ. ಅಪ್ಪ ಅಮ್ಮನಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಬೇಕು, ಶೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಕವರ್ ಕಡ್ಡಾಯ. ಅಗ್ಗದ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಯನ್ನು ಹೊರಗಿಟ್ಟಿರುತ್ತಾರೆ. ಬಿಪಿಯಿಂದಾಗಿ ಏನಾದರೂ ಆದರೆ ಕೊಡುತ್ತಾರಾ ಅಂತ ಕೊಳ್ಳುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರ ಉಳಿಸಿಕೊಳ್ಳಿ. ಇರುವಷ್ಟು ದಿನಕ್ಕೆ ಸಾಕಾಗುವ ಮಾತ್ರೆ, ಜೊತೆಗೆ ಡಾಕ್ಟರ್ ಬರೆದ ಚೀಟಿ ತರಲು ಹೇಳಿ. ಇಲ್ಲಿ ಬಿಪಿ ಮಾತ್ರೆ ಚೀಟಿ ಇಲ್ಲದೆ ಕೊಡುವುದಿಲ್ಲ.