ಗ್ರಾಫ್ 6 ಮನೆ ಎಡಕ್ಕೆ ಹೋಗಬೇಕು, 3ಕ್ಕೇ ನಿಲ್ಲುತ್ತದೆ. ಗ್ರಾಫ್ ಬಿಡಿಸುವ ಸಾಫ್ಟ್‌ವೇರ್ ಜಿಯೋಜೀಬ್ರಾ ಹಾಳಾಗಿದೆಯಾ?

ಬದಿಯಡ್ಕ ಟ್ಯೂಷನ್: ತಲೆ ಕೆಟ್ಟುಹೋಯಿತು. ನಾಳೆ ಪ್ಲಸ್ ವನ್ (11ನೇ ಕ್ಲಾಸ್) ಮಕ್ಕಳಿಗೆ ಗ್ರಾಫ್ ಸರಿಸುವುದನ್ನು ತೋರಿಸಬೇಕು. ವರ್ಗಮೂಲದ ಒಳಗೆ 6 ಕೂಡಿಸಿದ್ದೇನೆ, ಹೊರಗೆ 4 ಕಳೆದಿದ್ದೇನೆ. ಕೆಳಗೆ 4 ಸರಿಯಾಗಿ ಇಳಿಯುತ್ತದೆ. ಎಡಕ್ಕೆ ಮಾತ್ರ 3 ಮನೆ ಹೋಗಿ ನಿಲ್ಲುತ್ತದೆ. ಒಳಗೆ ಪ್ಲಸ್ ಇದ್ದರೆ ಎಡಕ್ಕೆ ಅಂತ ಗೊತ್ತುಂಟು, ಅದನ್ನೇ ಪುನಃ ಹೇಳಬೇಡಿ.

ಪೆರ್ಲ ಲಿನಕ್ಸ್: ಅಕ್ಷಗಳ ಅಳತೆ ಬೇರೆ ಬೇರೆ ಆಗಿರುತ್ತದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 1:1 ಇಡಿ.

ಬದಿಯಡ್ಕ ಟ್ಯೂಷನ್: 1:1 ಇಟ್ಟೆ. ಹಾಗೇ ಉಂಟು.

ಪೆರ್ಲ ಲಿನಕ್ಸ್: ಹಾಗಾದರೆ ಗ್ರಿಡ್. ಗೆರೆಗಳ ನಡುವಿನ ಅಂತರ 2 ಇದ್ದರೆ 6 ಮನೆ 3ರ ಹಾಗೆ ಕಾಣುತ್ತದೆ. ಸೆಟ್ಟಿಂಗ್ಸಿನಲ್ಲಿ 1 ಮಾಡಿ. ಕೇರಳ ಸರಕಾರದ ಕೈಟ್ ಸಂಸ್ಥೆ ಶಾಲೆಗಳಿಗೆ ಕೊಡುವ ಉಬುಂಟು ಲಿನಕ್ಸ್ ಹಾಕಿಕೊಳ್ಳಿ, ಜಿಯೋಜೀಬ್ರಾ ಅದರಲ್ಲೇ ಬರುತ್ತದೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿ ಓಡುತ್ತದೆ.

ಕುಂಬಳೆ ಗ್ರಾಫ್: ಗ್ರಾಫ್ ಬಿಡಿಸಲು ಡೆಸ್ಮೋಸ್ ಅಂತ ಇನ್ನೊಂದು ಉಂಟು, ಸುಮ್ನೆ ಅದನ್ನು ಹಾಕಿ ಮಾರಾಯ್ರೆ.

ಪೆರ್ಲ ಲಿನಕ್ಸ್: ಮಳೆಗೆ ನೆಟ್ ಹೋದರೆ ಡೆಸ್ಮೋಸ್ ಇಟ್ಟುಕೊಂಡು ಏನು ಮಾಡುವುದು?

ಕುಂಬಳೆ ಗ್ರಾಫ್: ಫೋನಿನ ಆ್ಯಪ್‌ಗೆ ನೆಟ್ ಬೇಡ. ಹಾಕಿ ನೋಡಿ, ಆಮೇಲೆ ಹೇಳಿ.

ಮಂಜೇಶ್ವರ ಗಣಿತ: ಮಾಷ್ಟ್ರೇ, ಸಮೀಕರಣವನ್ನೇ ನೀವು ಬರೆಯಲಿಲ್ಲ ಅಲ್ವಾ? ಪೂರ್ತಿ ಹಾಕಿ.

ಬದಿಯಡ್ಕ ಟ್ಯೂಷನ್: ಮಾಮೂಲಿ ವರ್ಗಮೂಲದ್ದೇ. ವೈ = √(2ಎಕ್ಸ್ + 6) − 4.

ಮಂಜೇಶ್ವರ ಗಣಿತ: ಆ 2 ಕಾರಣ. ಜಿಯೋಜೀಬ್ರಾ ಸರಿಯಾಗಿಯೇ ಬಿಡಿಸಿದೆ. ಎಫ್(ಎಕ್ಸ್ − ಎಚ್) + ಕೆ ಇದ್ದರೆ (ಎಕ್ಸ್, ವೈ) ಬಿಂದು (ಎಕ್ಸ್ + ಎಚ್, ವೈ + ಕೆ)ಗೆ ಹೋಗುತ್ತದೆ. ಆದರೆ ಎಚ್ ಎಷ್ಟು ಅಂತ ಓದಬೇಕಾದರೆ ಎಕ್ಸ್ ಪಕ್ಕದ ಗುಣಕವನ್ನು ಮೊದಲು ಹೊರಗೆ ತೆಗೆಯಬೇಕು. 2ಎಕ್ಸ್ + 6 ಅಂದರೆ 2(ಎಕ್ಸ್ + 3). ಎಚ್ −3.

ಬಿಂದು ಹಾಕಿ ನೋಡಿ. √ಎಕ್ಸ್ ಮೇಲೆ (0, 0), (1, 1), (4, 2) ಇವೆ. 2 ಇರುವುದರಿಂದ ಎಕ್ಸ್ ಬೆಲೆ ಅರ್ಧ ಆಗುತ್ತದೆ: (0, 0), (0.5, 1), (2, 2). ಈಗ ಎಡಕ್ಕೆ 3, ಕೆಳಗೆ 4: (−3, −4), (−2.5, −3), (−1, −2). ಮೊದಲು 6 ಸರಿಸಿ ಆಮೇಲೆ ಅರ್ಧ ಮಾಡಿದರೂ ಇಲ್ಲಿಗೇ ಬರುತ್ತೀರಿ. ಅರ್ಧ ಮಾಡಿದ ಮೇಲೆ 6 ಸರಿಸಿದರೆ ಅದು √(2ಎಕ್ಸ್ + 12) − 4, ಬೇರೆಯೇ ಗ್ರಾಫ್. ಮಕ್ಕಳು ಜಾಸ್ತಿ ಎಡವುವುದು ಈ ಕ್ರಮದಲ್ಲೇ. ಇದನ್ನು ನಿಧಾನವಾಗಿ ತೋರಿಸಿ.

ಪೆರ್ಲ ಲಿನಕ್ಸ್: ಆದರೂ ಗ್ರಿಡ್ 1 ಇಡುವುದೇ ಒಳ್ಳೆಯದು.

ಕುಂಬಳೆ ಗ್ರಾಫ್: ನಾನು ಫೋನನ್ನು 43 ಇಂಚಿನ ಟಿವಿಗೆ ಹಾಕಿ ಸ್ಲೈಡರ್ ಎಳೆಯುತ್ತೇನೆ. ಹಿಂದಿನ ಬೆಂಚಿಗೂ ಸ್ಪಷ್ಟ ಕಾಣುತ್ತದೆ.

ಬದಿಯಡ್ಕ ಟ್ಯೂಷನ್: ಮೂರೂ ಬಿಂದು ಗೆರೆಯ ಮೇಲೆ ಕೂತವು, ಥ್ಯಾಂಕ್ಸ್. ಈಗ √(6 − 2ಎಕ್ಸ್) ಹಾಕಿದರೆ ಬಲಕ್ಕೆ ಹೋಗಿ ತಿರುಗಿ ನಿಂತಿದೆ. ಇಲ್ಲೂ 3 ಅಂತ ತೆಗೆದುಕೊಳ್ಳಬಹುದಾ?

ಮಂಜೇಶ್ವರ ಗಣಿತ: ಹೌದು, −2(ಎಕ್ಸ್ − 3). (3, 0)ದಲ್ಲಿ ಶುರುವಾಗಿ ಎಡಕ್ಕೆ ಹೋಗುತ್ತದೆ. (2.5, 1), (1, 2) ಗುರುತು ಹಾಕಿ ನೋಡಿ.