ಕಾಲೇಜು ಕೊಟ್ಟ ಚೊಂಬು

ಭಾನುವಾರ ಬೆಳಿಗ್ಗೆ ಬಸವನಗುಡಿಯ ಒಂದು ದರ್ಶಿನಿಯ ಮುಂದೆ ನಮ್ಮ ಸಭೆ ನಿಂತುಕೊಂಡೇ ಸೇರುತ್ತದೆ. ನಾಲ್ಕು ಜನ, ಎರಡು ಬೈಟು ಕಾಫಿ, ಒಂದೂವರೆ ಗಂಟೆ. ಹೋಟೆಲಿನವರಿಗೆ ನಮ್ಮಿಂದ ಲಾಭವೇನೂ ಇಲ್ಲ. ಆದರೂ ಓಡಿಸಿಲ್ಲ, ಅದು ಅವರ ದೊಡ್ಡತನ.

ಮೊನ್ನೆ ಶೀನ ತಡವಾಗಿ ಬಂದ. ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

"ನಾಲ್ಕು ವರ್ಷ ಫೀಸು ಕಟ್ಟಿದ ಮೇಲೆ ಕೈಗೆ ಚೊಂಬು ಕೊಡ್ತಾರೆ ಅಂದ್ಕೊಂಡಿದ್ದೆ. ಇವರು ಮೊದಲನೇ ವರ್ಷವೇ ಕೊಟ್ಟುಬಿಟ್ಟರು ಕಣಯ್ಯಾ!"

ವಿಷಯ ಇಷ್ಟು. ಅವನ ಮಗಳು ಒಂದು ಡಿಸೈನ್ ಕಾಲೇಜು ಸೇರಿದ್ದಾಳೆ. ಅಲ್ಲಿ ಲಿಬರಲ್ ಆರ್ಟ್ಸ್ ಅಂತ ಒಂದು ಪೀರಿಯಡ್ಡು. ಮನೆಯ ಯಾವುದಾದರೂ ಒಂದು ವಸ್ತುವನ್ನು ಒಂದು ವಾರ ನೋಡಿ, ಅದನ್ನು ಬಳಸುವವರನ್ನು ಮಾತಾಡಿಸಿ, ಬರೆದುಕೊಂಡು ಬನ್ನಿ ಅಂದಿದ್ದಾರೆ. ಇವಳು ಅಜ್ಜಿಯ ಹಿತ್ತಾಳೆ ಚೊಂಬನ್ನು ಆರಿಸಿಕೊಂಡಿದ್ದಾಳೆ. ವಾರದಿಂದ ಅದರ ಮುಂದೆ ಕೂತಿದ್ದಾಳೆ.

"ಲಿಬರಲ್ ಅಂದರೆ ಧಾರಾಳವಾಗಿ ಮಾರ್ಕ್ಸ್ ಕೊಡೋ ಸಬ್ಜೆಕ್ಟು ಅಂದ್ಕೊಂಡಿದ್ದೆ" ಅಂದ ಶೀನ. "ನೋಡಿದರೆ ಇತಿಹಾಸವಂತೆ, ಮಾನವಶಾಸ್ತ್ರವಂತೆ, ತತ್ವಶಾಸ್ತ್ರವಂತೆ. ಚಿತ್ರ ಬರೆಯೋಕೆ ಸೇರಿಸಿದರೆ ಪ್ರಬಂಧ ಬರೆಸ್ತಾರೆ. ಪ್ರಬಂಧ ಬರೆಯೋಕೆ ಬೇಜಾರು ಅಂತಲೇ ಅವಳು ಅಲ್ಲಿಗೆ ಸೇರಿದ್ದು!"

ಪದ್ಮಕ್ಕ ಕಾಫಿ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಡಿಸಿದವರು. ಅವರು ಲೋಟ ಕೆಳಗಿಟ್ಟರೆ ಪಾಠ ಶುರು ಅಂತ ಅರ್ಥ.

"ಒಂದು ತಮಾಷೆ ಗೊತ್ತಾ? ಹಿಂದೆ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಅಂದರೆ ಏಳು ವಿದ್ಯೆ. ವ್ಯಾಕರಣ, ತರ್ಕ, ಮಾತುಗಾರಿಕೆ, ಲೆಕ್ಕ, ರೇಖಾಗಣಿತ, ಸಂಗೀತ, ಖಗೋಳ. ದುಡಿದು ತಿನ್ನಬೇಕಾಗಿಲ್ಲದ ಸ್ವತಂತ್ರ ಮನುಷ್ಯರು ಕಲಿಯೋದು. ಚಿತ್ರ ಬರೆಯೋದು ಕೈಕೆಲಸ. ಆ ಪಂಕ್ತಿಯಲ್ಲಿ ಚಿತ್ರಗಾರನಿಗೆ ಎಲೆಯೇ ಹಾಕಿರಲಿಲ್ಲ."

"ಈಗ ಅದೇ ಪಂಕ್ತಿಯವರು ಚಿತ್ರಗಾರನ ಮನೆಗೆ ಊಟಕ್ಕೆ ಬಂದಿದ್ದಾರೆ ಅನ್ನಿ" ಅಂದೆ ನಾನು.

"ನಮ್ಮಲ್ಲಿ ಹಾಗಿರಲಿಲ್ಲಪ್ಪ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರ ಅಂತ ಒಬ್ಬ ರಾಜ ಬರ್ತಾನೆ. ಮಾರ್ಕಂಡೇಯ ಋಷಿಯ ಹತ್ತಿರ ಹೋಗಿ, ವಿಗ್ರಹ ಮಾಡೋದು ಹೇಳಿಕೊಡಿ ಅಂತಾನೆ. ಅದಕ್ಕೆ ಮೊದಲು ಚಿತ್ರ ಬರಬೇಕು ಅಂತಾರೆ ಋಷಿ. ಸರಿ, ಚಿತ್ರ ಹೇಳಿಕೊಡಿ. ಅದಕ್ಕೆ ನೃತ್ಯ ಗೊತ್ತಿರಬೇಕು. ಸರಿ, ನೃತ್ಯ. ಅದಕ್ಕೆ ವಾದ್ಯ ಗೊತ್ತಿರಬೇಕು. ವಾದ್ಯಕ್ಕೆ? ಹಾಡು ಬರಬೇಕು!"

"ಥೇಟ್ ತಾಲ್ಲೂಕು ಕಚೇರಿ" ಅಂದ ಮೂರ್ತಿ. "ಖಾತೆ ಮಾಡಿಸೋಕೆ ಹೋದರೆ ಇದೇ ರೀತಿ ಕೌಂಟರಿನಿಂದ ಕೌಂಟರಿಗೆ ಕಳಿಸ್ತಾರೆ."

"ರಾಜ ಏನು ಮಾಡಿದ? ಫೀಸು ವಾಪಸ್ ಕೇಳಿದನಾ?" ಶೀನನ ಚಿಂತೆ ಶೀನನಿಗೆ.

"ಕೂತು ಕೇಳಿದ. ಹಾಡಿನಿಂದ ಶುರುಮಾಡಿ ವಿಗ್ರಹದವರೆಗೆ."

ಪದ್ಮಕ್ಕ ಅಲ್ಲಿಗೇ ಬಿಡಲಿಲ್ಲ. ನಮ್ಮ ಕೆ. ವೆಂಕಟಪ್ಪನವರ ಮಾತು ತೆಗೆದರು. ಮೈಸೂರಿನಿಂದ ಕಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಚಿತ್ರ ಕಲಿತು ಬಂದವರು, ಆಮೇಲೆ ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಇವತ್ತು ಕಸ್ತೂರ್ಬಾ ರಸ್ತೆಯ ಗ್ಯಾಲರಿ ಅವರ ಹೆಸರಿನಲ್ಲೇ ಇದೆ.

"ಅವರಿಗೆ ಕ್ರೆಡಿಟ್ಟು, ಅಟೆಂಡೆನ್ಸು ಏನೂ ಇರಲಿಲ್ಲ ಬಿಡಿ" ಅಂದ ಶೀನ. ಸುಮ್ನೆ ಸೋಲುವ ಗಿರಾಕಿ ಅಲ್ಲ ಅವನು.

ಆಗ ಮೂರ್ತಿ ಬಾಯಿ ಬಿಟ್ಟ. ಅವನದು ಸಣ್ಣ ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಬುಕ್ಕು, ಬ್ಯಾನರು.

"ಹೋದ ವರ್ಷ ಅಂತ ಇಟ್ಕೋ, ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ಕಂಪ್ಯೂಟರಿನಲ್ಲಿ ಬೆರಳು ಹಾಗೆ ಓಡೋದು. ವೈಕುಂಠ ಸಮಾರಾಧನೆ ಕಾರ್ಡು ಒಂದು ಬಂತು. ಅವನಿಗೆ 'ವೈಕುಂಠ' ಚೆನ್ನಾಗಿ ಕೇಳಿಸಿದೆ, 'ಸಮಾರಾಧನೆ'ಯೂ ಚೆನ್ನಾಗಿ ಕೇಳಿಸಿದೆ. ಎರಡು ಕಡೆ ಬಾಳೆಕಂಬ ನಿಲ್ಲಿಸಿದ. ಮೇಲೆ ಮಾವಿನ ತೋರಣ, ಮೂಲೆಯಲ್ಲಿ ಓಲಗದವರು. ಕೆಳಗೆ, 'ನಿಮ್ಮ ಆಶೀರ್ವಾದವೇ ಉಡುಗೊರೆ'!"

ಪಕ್ಕದ ಟೇಬಲ್ಲಿನವರೂ ನಮ್ಮ ಕಡೆ ತಿರುಗಿ ನಕ್ಕರು.

"ನೂರೈವತ್ತು ಕಾರ್ಡು ನನ್ನ ತಲೆ ಮೇಲೆ. ಇನ್ನೊಂದು ಸಲ ಹೋಟೆಲಿನ ಬ್ಯಾನರು. ಅವನು ಇಂಗ್ಲಿಷಿಗೆ ಇಡೋ ಹಾಗೆ ಸಾಲುಗಳ ಮಧ್ಯೆ ಜಾಗವನ್ನೇ ಬಿಡಲಿಲ್ಲ. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ನೇತಾಡುತ್ತೆ ಅನ್ನೋದು ತಲೆಗೇ ಹೋಗಿಲ್ಲ. ಕೆಳಗಿನ ಸಾಲಿನ ಬಣ್ಣದ ಪಟ್ಟಿ ಒತ್ತನ್ನೆಲ್ಲ ನುಂಗಿಬಿಡ್ತು. 'ಬೆಣ್ಣೆ ದೋಸೆ' ಹೋಗಿ 'ಬೆಣೆ ದೋಸೆ' ಆಯ್ತು. ಬಡಗಿ ಕೂಡ ಬೆಣೆ ತಿನ್ನಲ್ಲ, ಹೊಡೀತಾನೆ!"

"ಅದೇ ನಾನು ಹೇಳೋದು" ಅಂದರು ಪದ್ಮಕ್ಕ. "ಆ ಹುಡುಗನಿಗೆ ಕೈ ಇತ್ತು. ಸಾವಿನ ಮನೆಯ ಊಟ ಯಾವುದು, ಮದುವೆ ಮನೆಯ ಊಟ ಯಾವುದು ಅಂತ ಯಾವ ಸಾಫ್ಟ್‌ವೇರ್ ಹೇಳಿಕೊಡುತ್ತೆ? ಬೀದರಿನ ಬಿದರಿ ಕೆಲಸದವರನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಪಾತ್ರೆ ಎರಕ ಹೊಯ್ಯುತ್ತಾರೆ. ಕೆತ್ತಿ, ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರು. ಪಾತ್ರೆ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಆ ಮಣ್ಣು ಸರಿಯಿದೆಯಾ ಅಂತ ನಾಲಿಗೆ ಮೇಲೆ ಇಟ್ಟು ನೋಡ್ತಾರೆ. ಅದು ಕೆಮಿಸ್ಟ್ರಿಯೋ, ಇತಿಹಾಸವೋ, ಅಡುಗೆಯೋ?"

ನನಗೂ ಒಂದು ತಕರಾರು ಇತ್ತು, ಹೇಳಿದೆ. ಪದ್ಮಕ್ಕ ವಾದ ಮಾಡುವಷ್ಟು ಚೆಂದವಾಗಿ ಈ ಪಾಠ ಎಲ್ಲ ಕಡೆ ನಡೆಯುವುದಿಲ್ಲ. ಕತ್ತಲೆ ಕೋಣೆ, ಗೋಡೆ ಮೇಲೆ ಸ್ಲೈಡು, ಬಾಯಿಗೆ ಬಾರದ ಫ್ರೆಂಚ್ ಹೆಸರು, ಹಿಂದಿನ ಬೆಂಚಿನಲ್ಲಿ ನಿದ್ದೆ. ಜರ್ಮನಿಯ ಬೌಹೌಸ್ ಡಿಸೈನ್ ಶಾಲೆ 1919ರಲ್ಲಿ ಶುರುವಾಯಿತು ಅಂತ ಉರು ಹೊಡೆದ ಮಕ್ಕಳಿಗೆ, ಅದೇ ವರ್ಷ ಶಾಂತಿನಿಕೇತನದಲ್ಲಿ ಕಲಾಭವನ ಶುರುವಾಯಿತು ಅಂದರೆ "ಹೌದಾ?" ಅಂತಾರೆ. ಕೊಪ್ಪಳದ ಹತ್ತಿರದ ಕಿನ್ನಾಳದ ಬೊಂಬೆ ಅಂದರೆ ಅದೂ ಇಲ್ಲ.

"ಹೌದು, ಅಂಥ ಪೀರಿಯಡ್ಡಿಗೆ ನಾನೂ ಚಕ್ಕರ್ ಹಾಕ್ತಿದ್ದೆ" ಅಂದರು ಪದ್ಮಕ್ಕ. "ಅದಿರಲಿ. ಶೀನಪ್ಪಾ, ಚೊಂಬಿನ ಕಥೆ ಏನಾಯ್ತು?"

ಶೀನ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ದನಿ ಇಳಿಸಿ ಹೇಳಿದ.

"ಮೊದಲ ದಿನ ಅಮ್ಮ ಬೈದಳು, ಚೊಂಬಿನಲ್ಲಿ ನೋಡೋದು ಏನಿದೆ ಅಂತ. ಎರಡನೇ ದಿನ ತಾನೇ ಶುರು ಮಾಡಿದಳು. ಇದು ಬರೀ ನೀರಿನ ಚೊಂಬಲ್ಲ ಅಂದಳು. ಹಬ್ಬಕ್ಕೆ ಕಳಸ, ನೆಂಟರು ಬಂದರೆ ಕೈಕಾಲು ತೊಳೆಯೋ ನೀರು. ಕೆಂಡ ತುಂಬಿ ನನ್ನ ಸ್ಕೂಲ್ ಷರಟಿಗೆ ಇಸ್ತ್ರಿ ಮಾಡ್ತಿದ್ದದ್ದೂ ಅದರಲ್ಲೇ. ನನಗೆ ಮರೆತೇ ಹೋಗಿತ್ತು. ಆಮೇಲೆ ಹೊಟ್ಟೆ ಹತ್ತಿರ ಒಂದು ನೆಗ್ಗು ಇದೆ. ಮಗಳು ಕೇಳಿದಳು, ಇದು ಹೇಗಾಯ್ತು ಅಂತ. ಕಂಠಕ್ಕೆ ಕಟ್ಟಿದ್ದ ಹಗ್ಗ ಕಳಚಿ ಬಾವಿಗೆ ಬಿದ್ದಿತ್ತಂತೆ. ನಮ್ಮಪ್ಪ ಪಾತಾಳಗರಡಿ ಇಳಿಸಿ ಅರ್ಧ ದಿನ ಹುಡುಕಿ ತೆಗೆದರಂತೆ. ಪಾತಾಳಗರಡಿ ಅಂದರೇನು ಅಂದಳು ಮಗಳು. ಅಮ್ಮ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೋರಿಸಿದಳು. ಒಂದೊಂದು ಕೊಕ್ಕೆಯನ್ನೂ. ನಮ್ಮಮ್ಮನಿಗೆ ಚಿತ್ರ ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ ಕಣೋ."

ಪದ್ಮಕ್ಕ ನಕ್ಕರು. "ನಿಮ್ಮ ಮಗಳಿಗಿಂತ ಮೊದಲೇ ಇದನ್ನು ಮಾಡಿದವರಿದ್ದಾರೆ. ಚಾರ್ಲ್ಸ್ ಈಮ್ಸ್, ರೇ ಈಮ್ಸ್ ಅಂತ ಅಮೆರಿಕದ ಗಂಡ ಹೆಂಡತಿ. ಕುರ್ಚಿ ಮಾಡಿ ಹೆಸರಾದವರು. ಭಾರತದಲ್ಲಿ ಡಿಸೈನ್ ಕಲಿಸೋದು ಹೇಗೆ ಹೇಳಿ ಅಂತ ನಮ್ಮ ಸರ್ಕಾರ ಕರೆಸಿತು. ಊರೂರು ಸುತ್ತಿ 1958ರಲ್ಲಿ ವರದಿ ಕೊಟ್ಟರು. ಅವರು ಮನಸೋತದ್ದು ಯಾವುದಕ್ಕೆ ಹೇಳಿ?"

"ಚೊಂಬಿಗಾ?"

"ಚೊಂಬಿಗೇ. ಎಷ್ಟು ನೀರು ಹಿಡಿಯಬೇಕು, ತಲೆ ಮೇಲೆ ಹೊರೋದೋ ಸೊಂಟದ ಮೇಲೋ, ತುಂಬಿದಾಗ ತೂಕ ಹೇಗೆ ನಿಲ್ಲುತ್ತೆ, ಖಾಲಿಯಾದಾಗ ಹೇಗೆ, ಕಣ್ಣು ಮುಚ್ಚಿ ಮುಟ್ಟಿದರೆ ಹೇಗಿರುತ್ತೆ, ನೆಲಕ್ಕೆ ಇಟ್ಟರೆ ಏನು ಸದ್ದು. ಇಷ್ಟುದ್ದ ಪ್ರಶ್ನೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ಡಿಸೈನ್ ಸಂಸ್ಥೆ ಶುರುವಾಗಿದ್ದರ ಹಿಂದೆ ಆ ವರದಿ ಇದೆ."

"ಅಂದರೆ ಸರ್ಕಾರ ಕೂಡ ದುಡ್ಡು ಕೊಟ್ಟು ಚೊಂಬೇ ತಗೊಂಡಿದೆ!" ಶೀನನ ಮುಖ ಮೊದಲ ಸಲ ಅರಳಿತು.

ಅವನು ಕಾಫಿ ಲೋಟವನ್ನು ಎತ್ತಿದ. ಕಣ್ಣು ಮುಚ್ಚಿ ಅಂಚನ್ನು ಬೆರಳಿನಿಂದ ಸವರಿದ. ಸ್ಟೀಲ್ ಟೇಬಲ್ಲಿನ ಮೇಲೆ ಟಣ್ಣೆಂದು ಇಟ್ಟ. ಮತ್ತೆ ಎತ್ತಿ ಇನ್ನೊಮ್ಮೆ ಇಟ್ಟ. ಟೇಬಲ್ ಒರೆಸುವ ಹುಡುಗ ಓಡಿ ಬಂದ. "ಏನು ಸಾರ್, ಇನ್ನೊಂದು ಬೈಟುನಾ?"

ಅಷ್ಟರಲ್ಲಿ ಶೀನನ ಫೋನು. ಮಗಳು. ಈ ಕಡೆಯ ಮಾತು ಮಾತ್ರ ನಮಗೆ ಕೇಳಿಸಿತು.

"ಹೇಳಮ್ಮ... ನಾಳೆ ಚೊಂಬನ್ನು ಕಾಲೇಜಿಗೆ ತಗೊಂಡು ಹೋಗಬೇಕಾ?... ಅಜ್ಜಿ ಕೊಡಲ್ಲ ಅಂತಾಳಾ? ಯಾಕಂತೆ?... ಏನು, ಅವಳೂ ಬರ್ತಾಳಂತಾ?... ಇಸ್ತ್ರಿ ಮಾಡಿ ತೋರಿಸ್ತಾಳಾ?"

ಫೋನಿಟ್ಟು ನಮ್ಮ ಕಡೆ ನೋಡಿದ.

"ಇದ್ದಲು ಎಲ್ಲಿ ಸಿಗುತ್ತೋ ಈಗ?"